ನೂರು ಮೀಟರಿನೊಳಗಿನ ಬೇಕರಿ

ಆಹಾರ ಇನ್‌ಸ್ಪೆಕ್ಟರ್ ತನ್ನ ಇಪ್ಪತ್ತೊಂದು ವರ್ಷದ ಸರ್ವಿಸಿನಲ್ಲಿ ಯಾರಿಗೂ ಹೆದರಿದವನಲ್ಲ, ಅತ್ತಿಗೆಯೊಬ್ಬಳನ್ನು ಬಿಟ್ಟು. ಅವನು ಹೋಟೆಲಿನ ಅಡುಗೆಮನೆಗೆ ಕಾಲಿಟ್ಟರೆ ಕೆಲಸದವರು ಮೊದಲು ತಲೆಗೆ ಟೋಪಿ ಸಿಕ್ಕಿಸಿಕೊಳ್ಳುತ್ತಿದ್ದರು, ಆಮೇಲೆ ಮಾತಾಡಿಸುತ್ತಿದ್ದರು. ಹಾಲಿನ ಪ್ಯಾಕೆಟ್ಟಿನ ಮೇಲೆ ಅರ್ಧ ಅಳಿಸಿಹೋದ ತಾರೀಖನ್ನು ಕನ್ನಡಕವಿಲ್ಲದೆ ಓದಬಲ್ಲವನು ಇಡೀ ಇಲಾಖೆಯಲ್ಲಿ ಅವನೊಬ್ಬನೇ. ಆದರೆ ಅತ್ತಿಗೆ ಅವನನ್ನು ಹನ್ನೊಂದನೇ ವಯಸ್ಸಿನಿಂದ ಸಾಕಿದವಳು. ತಾಯಿ ತೀರಿಕೊಂಡ ವರ್ಷವೇ ಅಣ್ಣನನ್ನು ಮದುವೆಯಾಗಿ ಬಂದು ಗಂಡ, ಮೈದುನ, ಬೇಕರಿಯ ಓವನ್ನು ಮೂರನ್ನೂ ಒಟ್ಟಿಗೆ ವಹಿಸಿಕೊಂಡವಳು. ಈಗ ಅವನಿಗೆ ನಲವತ್ತಾರು ವರ್ಷ. ಸಣ್ಣದೊಂದು ಹೊಟ್ಟೆಯೂ ಬಂದಿತ್ತು, ಕಚೇರಿಯಲ್ಲಿ ತಿರುಗುವ ಕುರ್ಚಿಯೂ ಬಂದಿತ್ತು. ಅವಳ ಬಾಯಲ್ಲಿ ಮಾತ್ರ ಅವನು ಇನ್ನೂ ಪುಟ್ಟ.

ಆ ವರ್ಷ ಸರ್ಕಾರ ಮಕ್ಕಳ ಸ್ಥೂಲಕಾಯ ತಡೆ ನೀತಿಯನ್ನು ಹೊರಡಿಸಿತು. ಮಕ್ಕಳು ದಪ್ಪಗಾಗುತ್ತಿದ್ದಾರೆ, ಹತ್ತು ವರ್ಷಕ್ಕೇ ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದಾರೆ ಎಂದು ವೈದ್ಯರು ವರದಿ ಕೊಟ್ಟಿದ್ದರು. ಆ ಮಾತೇನೂ ಸುಳ್ಳಾಗಿರಲಿಲ್ಲ. ನೀತಿಯಲ್ಲಿ ನಲವತ್ತು ಪುಟ, ಹದಿನಾಲ್ಕು ಕಲಂ ಇದ್ದವು. ಇನ್‌ಸ್ಪೆಕ್ಟರ್ ಮೊದಲು ಜಾರಿಗೆ ತರಬೇಕಾಗಿದ್ದದ್ದು ನಾಲ್ಕನೇ ಕಲಂ: ಶಾಲೆಯ ಗೇಟಿನಿಂದ ನೂರು ಮೀಟರ್ ಒಳಗೆ ಸಿಹಿತಿಂಡಿ, ಕರಿದ ತಿಂಡಿ, ಸಕ್ಕರೆ ಹಾಕಿದ ತಂಪು ಪಾನೀಯ ಮಾರುವಂತಿಲ್ಲ. ಅಳೆಯುವುದಕ್ಕೆಂದು ಇಲಾಖೆ ಒಂದು ಅಳತೆ ಚಕ್ರವನ್ನೂ ಕೊಟ್ಟಿತು. ಉದ್ದನೆಯ ಹಿಡಿ, ಕೆಳಗೊಂದು ಚಕ್ರ, ಪಕ್ಕದಲ್ಲಿ ಅಂಕಿ ತೋರಿಸುವ ಪುಟ್ಟ ಡಬ್ಬಿ. ತಳ್ಳಿಕೊಂಡು ಹೋದರೆ ಮೀಟರಿಗೊಮ್ಮೆ ‘ಟಿಕ್’ ಎನ್ನುತ್ತಿತ್ತು.

ಅವನ ವ್ಯಾಪ್ತಿಯಲ್ಲಿ ಏಳು ಶಾಲೆಗಳಿದ್ದವು. ಆರು ಶಾಲೆಗಳ ಕೆಲಸ ಒಂದು ವಾರದಲ್ಲಿ ಮುಗಿಯಿತು. ಐಸ್‌ಕ್ರೀಮ್ ಗಾಡಿಯವನನ್ನು ಮೂಲೆ ದಾಟಿಸಿದ. ಪಾಪ್‌ಕಾರ್ನ್ ಮಾರುವ ಮುದುಕ, ‘ಇದು ಕರಿದದ್ದಲ್ಲ ಸ್ವಾಮಿ, ಹುರಿದದ್ದು’ ಎಂದು ವಾದ ಹೂಡಿದಾಗ ಕಲಂ ನಾಲ್ಕನ್ನು ಎರಡು ಸಲ ಓದಿ, ವಾದ ನ್ಯಾಯವಾದದ್ದೇ ಎಂದು ಒಪ್ಪಿಕೊಂಡು, ಬೆಣ್ಣೆ ಡಬ್ಬಿಯನ್ನು ಮಾತ್ರ ದೂರ ಇಡಿಸಿದ. ತಾನು ನಿಷ್ಪಕ್ಷಪಾತಿ ಎಂಬ ಹೆಮ್ಮೆ ಅವನಿಗೆ ಮೊದಲಿನಿಂದಲೂ ಇತ್ತು. ಏಳನೆಯ ಶಾಲೆಯ ಹೆಸರನ್ನು ಮಾತ್ರ ಪಟ್ಟಿಯಲ್ಲಿ ಮತ್ತೆ ಮತ್ತೆ ಕೆಳಗೆ ತಳ್ಳುತ್ತಾ ಬಂದ. ಅದೇ ರಸ್ತೆಯಲ್ಲಿ ಅತ್ತಿಗೆಯ ಬೇಕರಿ ಇತ್ತು.

ಕೊನೆಗೆ ಒಂದು ಬೆಳಿಗ್ಗೆ, ಹಾಲಿನವರು ಬಿಟ್ಟರೆ ಬೇರೆ ಯಾರೂ ಎದ್ದಿರದ ಹೊತ್ತಿನಲ್ಲಿ, ಚಕ್ರ ಹಿಡಿದು ಶಾಲೆಯ ಗೇಟಿನಿಂದ ಹೊರಟ. ಬೇಕರಿಯ ಮೆಟ್ಟಿಲಿಗೆ ಬಂದಾಗ ಡಬ್ಬಿಯಲ್ಲಿ ತೊಂಬತ್ತಾರು ಮೀಟರ್ ನಲವತ್ತು ಸೆಂಟಿಮೀಟರ್ ಇತ್ತು. ವಾಪಸ್ ಹೋಗಿ ಮತ್ತೆ ಅಳೆದ. ಅಷ್ಟೇ. ಮೂರನೇ ಸಲ ರಸ್ತೆಯ ಆಚೆ ಬದಿಯಿಂದ, ಸಾಧ್ಯವಾದಷ್ಟು ಸೊಟ್ಟಗೆ ತಳ್ಳಿಕೊಂಡು ಬರುತ್ತಿದ್ದಾಗ ಬೇಕರಿಯ ಷಟರ್ ಅರ್ಧ ಎದ್ದಿತು. ಅದರ ಕೆಳಗಿನಿಂದ ಅತ್ತಿಗೆ ಬಗ್ಗಿ ನೋಡಿದಳು.

“ಏನೋ ಪುಟ್ಟ, ರಸ್ತೆಗೆ ಇಸ್ತ್ರಿ ಹಾಕ್ತಿದೀಯಾ?”

“ಇಲ್ಲ ಅತ್ತಿಗೆ, ಹೀಗೇ ವಾಕಿಂಗು.”

“ಗಾಲಿ ಇಟ್ಕೊಂಡು ನಡೆಯೋ ವಯಸ್ಸಾಯ್ತಾ ನಿನಗೆ? ಒಳಗೆ ಬಾ, ಬಿಸಿ ಬನ್ ತೆಗೀತಿದಾರೆ ನಿಮ್ಮಣ್ಣ.”

ಅವನು ಒಳಗೆ ಹೋದ, ಬನ್ ತಿಂದ. ತಿನ್ನುವಾಗ ಮಾಮೂಲಿನ ಹಾಗೆ ಎರಡನೆಯದನ್ನೂ ಅವಳು ತಟ್ಟೆಗೆ ಹಾಕಿದಳು. ಜೇಬಿನಲ್ಲಿದ್ದ ನೋಟಿಸ್ ಪುಸ್ತಕ ಎದೆಗೆ ಒತ್ತುತ್ತಿತ್ತು. ಹೇಳುವ ಧೈರ್ಯ ಸಾಲಲಿಲ್ಲ.

ಎರಡು ದಿನ ಒದ್ದಾಡಿ ಮೂರನೆಯ ದಿನ ಮಧ್ಯಾಹ್ನ ನೋಟಿಸನ್ನು ಅಣ್ಣನ ಕೈಗೆ ಕೊಟ್ಟ. ಅಣ್ಣ ಹಿಟ್ಟು ನಾದುತ್ತಿದ್ದವನು ಅದನ್ನು ಹಿಟ್ಟಿನ ಕೈಯಲ್ಲೇ ಹಿಡಿದು, ಮೇಲೆ ಕೆಳಗೆ ನೋಡಿ, ಹೆಂಡತಿಗೆ ದಾಟಿಸಿದ. ಮನೆಗೆ ಬಂದ ಕಾಗದಗಳೆಲ್ಲ ಅವನ ಕೈಯಿಂದ ಹೋಗುತ್ತಿದ್ದದ್ದು ಹೀಗೆಯೇ. ಅತ್ತಿಗೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬೆಂಚಿನ ಮೇಲೆ ಕೂತು ಪೂರ್ತಿ ಓದಿದಳು.

“ಸ್ಥೂಲಕಾಯ ಅಂದ್ರೆ?”

“ದಪ್ಪ ಇರೋದು ಅತ್ತಿಗೆ.”

“ಮೂವತ್ತು ದಿನದೊಳಗೆ ಸಿಹಿ ಮಾರೋದು ನಿಲ್ಲಿಸ್ಬೇಕು ಅಂತಿದೆ. ಬೇಕರಿಯಲ್ಲಿ ಸಿಹಿ ಬಿಟ್ಟು ಏನು ಮಾರಲಿ, ಛತ್ರಿನಾ?”

ಅವನು ಕಾಲಿನ ಬೆರಳು ನೋಡುತ್ತಾ ನಿಂತ. ಅವಳು ಬೈದಿದ್ದರೆ ಸಹಿಸಬಹುದಿತ್ತು. ಅತ್ತಿದ್ದರಂತೂ ಅವನು ಅಲ್ಲೇ ರಾಜೀನಾಮೆ ಬರೆದುಬಿಡುತ್ತಿದ್ದ. ಅವಳು ಎರಡನ್ನೂ ಮಾಡಲಿಲ್ಲ. “ಈ ಕಾನೂನಿನ ಪುಸ್ತಕ ಪೂರ್ತಿ ತಂದ್ಕೊಡು. ಅರ್ಧಂಬರ್ಧ ಓದಿ ನಾನು ಯಾವ ತೀರ್ಮಾನಾನೂ ಮಾಡಲ್ಲ” ಎಂದಳು.

ನಲವತ್ತು ಪುಟಗಳನ್ನು ಅವಳು ನಾಲ್ಕು ದಿನ ಓದಿದಳು, ಗಿರಾಕಿಗಳ ನಡುವೆ, ಬೆರಳಿಗೆ ಹತ್ತಿದ ಬೆಣ್ಣೆ ಪುಟಗಳಿಗೂ ಹತ್ತುತ್ತಿದ್ದ ಹಾಗೇ. ಐದನೆಯ ದಿನ ಇನ್‌ಸ್ಪೆಕ್ಟರ್ ಕಚೇರಿಗೆ ಸ್ವತಃ ಬಂದಳು. ಅವನ ಎದುರಿನ ಕುರ್ಚಿಯಲ್ಲಿ ಕೂತು ನಾಲ್ಕನೇ ಕಲಮಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ‘ದೂರವನ್ನು, ಮಗುವು ಶಾಲೆಯಿಂದ ಅಂಗಡಿಗೆ ನಡೆದು ಹೋಗುವ ದಾರಿಯಲ್ಲಿ ಅಳೆಯತಕ್ಕದ್ದು’ ಎಂದಿತ್ತು.

“ನೀನು ಅಳೆದದ್ದು ನೀನು ನಡೆದ ದಾರಿ. ನೀನು ಮಗುವಾ?”

ಪಕ್ಕದ ಮೇಜುಗಳಲ್ಲಿ ಬರೆಯುತ್ತಿದ್ದ ಪೆನ್ನುಗಳು ನಿಂತವು.

“ಅಲ್ಲ ಅತ್ತಿಗೆ” ಎಂದ ಅವನು, ಮೆತ್ತಗೆ.

“ನನಗೆ ಮಗುನೇ. ಸರ್ಕಾರಕ್ಕಲ್ಲ. ಮೇಲ್ಮನವಿ ಬರ್ಕೊಂಡು ಬಂದಿದೀನಿ, ತಗೋ. ಸೀಲು ಹಾಕಿ ಕೊಡು.”

ಸೀಲು ಹಾಕಿ ಕೊಟ್ಟ. ಮೇಲ್ಮನವಿ ಉಪನಿರ್ದೇಶಕಿಯವರ ಮೇಜಿಗೆ ಹೋಯಿತು. ಅವರು ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. ಕಾನೂನಿನ ಅಕ್ಷರ ಬಿಟ್ಟು ಒಂದು ಹೆಜ್ಜೆ ಆಚೀಚೆ ಇಡದವರು ಎಂದು ಹೆಸರಾಗಿದ್ದರು. ಸಾಲನ್ನು ಓದಿದರು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು, ಆಮೇಲೆ ಬರೆದರು: ‘ಜಂಟಿ ಅಳತೆ ನಡೆಸುವುದು. ಮಗುವೊಂದನ್ನು ಒದಗಿಸಿಕೊಳ್ಳುವುದು.’

ಮಗುವನ್ನು ಒದಗಿಸಿದವರು ಶಾಲೆಯ ಹೆಡ್ ಮಿಸ್. ತೀರಾ ಚುರುಕೂ ಅಲ್ಲದ, ತೀರಾ ಮಂದವೂ ಅಲ್ಲದ, ದಿನಾ ಬೇಕರಿಗೆ ಹೋಗುವ ಮಗು ಬೇಕು ಎಂದು ಕೇಳಿದ್ದಕ್ಕೆ ಮೂರನೇ ತರಗತಿಯ ಒಬ್ಬಳನ್ನು ಕರೆತಂದರು. ಗುಂಡುಮುಖದ ಹುಡುಗಿ, ಎರಡು ಜಡೆ, ಬೆನ್ನ ಮೇಲೆ ಅವಳ ಅರ್ಧದಷ್ಟಿದ್ದ ಚೀಲ. ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಟ್ಟ ಮೇಲೆ ಅವಳನ್ನು ಗೇಟಿನಲ್ಲಿ ನಿಲ್ಲಿಸಿದರು. ಹಿಂದೆ ಚಕ್ರ ಹಿಡಿದ ಇನ್‌ಸ್ಪೆಕ್ಟರ್, ಅವನ ಹಿಂದೆ ಫೈಲು ಹಿಡಿದ ಉಪನಿರ್ದೇಶಕಿ, ಅವರ ಹಿಂದೆ ಹೆಡ್ ಮಿಸ್. ಅತ್ತಿಗೆ ಅಲ್ಲಿ ಬೇಕರಿಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

“ದಿನಾ ಹೆಂಗೆ ಹೋಗ್ತೀಯೋ ಹಂಗೇ ಹೋಗ್ಬೇಕು ಮರಿ. ನಾವಿಲ್ಲ ಅಂದ್ಕೋ” ಎಂದರು ಉಪನಿರ್ದೇಶಕಿ.

ಹುಡುಗಿ ಆ ಮಾತನ್ನು ಪೂರ್ತಿಯಾಗಿ ನಂಬಿದಳು.

ಮೊದಲು ರಸ್ತೆ ದಾಟಿ ಎದುರು ಮನೆಯ ಗೇಟಿಗೆ ಹೋಗಿ, ಅಲ್ಲಿದ್ದ ನಾಯಿಗೆ ಕ್ಷೇಮಸಮಾಚಾರ ಕೇಳಿದಳು. ಅಲ್ಲಿಂದ ವಾಪಸ್ ಬಂದು ಲೈಟಿನ ಕಂಬವನ್ನು ಹಿಡಿದು ಮೂರು ಸುತ್ತು ಹಾಕಿದಳು. ಇನ್‌ಸ್ಪೆಕ್ಟರ್ ಚಕ್ರದ ಸಮೇತ ಮೂರು ಸುತ್ತು ಹಾಕಿದ; ಎರಡನೆಯ ಸುತ್ತಿಗೆ ಅವನ ತಲೆ ತಿರುಗಿತು. ಆಮೇಲೆ ಒಂದು ಗಿಡ್ಡ ಕಾಂಪೌಂಡ್ ಗೋಡೆ ಬಂತು. ಅವಳು ಅದರ ಮೇಲೆ ಹತ್ತಿ ಎರಡೂ ಕೈ ಚಾಚಿ ನಡೆದಳು. ಅವನು ಹಿಂದಿರುಗಿ ನೋಡಿದ.

“ಗೋಡೆ ಮೇಲೂ ಅಳೀಬೇಕಾ ಮೇಡಂ?”

“ಮಗು ಗೋಡೆ ಮೇಲೆ ನಡೀತಿದೆ ಅಲ್ವಾ?”

ಅವನು ಚಕ್ರವನ್ನು ಗೋಡೆಯ ಮೇಲಿಟ್ಟು, ತಾನು ಕೆಳಗೆ ಓಡುತ್ತಾ ತಳ್ಳಿದ. ಗೋಡೆ ಮುಗಿದಲ್ಲಿ ಚರಂಡಿಯ ಮೇಲೊಂದು ಪುಟ್ಟ ಸೇತುವೆ ಇತ್ತು. ಹುಡುಗಿ ಈಚೆ ಬದಿಯಲ್ಲಿ ನೀರಿಗೆ ಒಂದು ಎಲೆ ಬಿಟ್ಟು, ಆಚೆ ಬದಿಗೆ ಓಡಿ, ಅದು ಹೊರಬರುತ್ತದೋ ಎಂದು ಕುಕ್ಕರಗಾಲಲ್ಲಿ ಕಾದಳು. ಬರಲಿಲ್ಲ. ಇನ್ನೊಂದು ಎಲೆ ತಂದು ಬಿಟ್ಟಳು. ನಾಲ್ಕನೆಯ ಎಲೆ ಹೊರಬಂದಾಗ ಉಪನಿರ್ದೇಶಕಿಯವರೂ ಬಗ್ಗಿ ನೋಡುತ್ತಿದ್ದರು. ‘ಬಂತು’ ಎಂದು ಮೊದಲು ಹೇಳಿದವರು ಅವರೇ. ತಕ್ಷಣ ಎದ್ದು ನಿಂತು ಫೈಲು ಸರಿಮಾಡಿಕೊಂಡರು.

ಅಷ್ಟರಲ್ಲಿ ಹುಡುಗಿಗೆ ರಬ್ಬರು ಬಿದ್ದುಹೋದದ್ದು ನೆನಪಾಗಿ ಕಂಬದ ತನಕ ಹಿಂದಕ್ಕೆ ಓಡಿದಳು. ಚಕ್ರವೂ ಓಡಿತು. ಬೇಕರಿಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಇನ್‌ಸ್ಪೆಕ್ಟರನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಡಬ್ಬಿಯಲ್ಲಿ ನಾನೂರ ಮೂವತ್ತೊಂದು ಮೀಟರ್ ಇತ್ತು.

“ಎಷ್ಟು?” ಎಂದಳು ಅತ್ತಿಗೆ.

ಅವನಿಗೆ ಮಾತಾಡಲು ಉಸಿರಿರಲಿಲ್ಲ. ಡಬ್ಬಿಯನ್ನೇ ತೋರಿಸಿದ. ಅವಳು ಓದಿ, ಒಳಗಿದ್ದ ಗಂಡನಿಗೆ ಕೇಳುವಂತೆ, “ನಾವು ಈ ಶಾಲೆಗೆ ಅಷ್ಟು ಹತ್ರ ಏನಿಲ್ಲ ಕಣ್ರೀ” ಎಂದಳು.

ಉಪನಿರ್ದೇಶಕಿ ಅಲ್ಲೇ ನಿಂತು ಅಂಕಿಯನ್ನು ಬರೆದುಕೊಂಡರು. ಮೇಲ್ಮನವಿಯನ್ನು ಪುರಸ್ಕರಿಸುವುದು ಬಿಟ್ಟು ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ಅವರ ಕಣ್ಣು ಹುಡುಗಿಯ ಮೇಲಿತ್ತು. ಅವಳು ಒಳಗೆ ಬಂದವಳು ಗಾಜಿನ ಕಪಾಟಿನ ಕಡೆ ತಿರುಗಿಯೂ ನೋಡದೆ, ನೇರ ಬೆಂಚಿಗೆ ಹೋಗಿ, ಚೀಲ ಇಳಿಸಿ, ಹೋಂವರ್ಕಿನ ಪುಸ್ತಕ ತೆಗೆದಿದ್ದಳು. ಅವಳ ಹಿಂದೆಯೇ ಇನ್ನೂ ಐದಾರು ಮಕ್ಕಳು ಬಂದು ಅದೇ ಬೆಂಚಿನಲ್ಲಿ ಒತ್ತೊತ್ತಾಗಿ ಕೂತರು.

“ಬನ್ ಬೇಡ್ವಾ ನಿನಗೆ?” ಎಂದು ಕೇಳಿದರು ಉಪನಿರ್ದೇಶಕಿ.

“ಆಮೇಲೆ ತಗೋತೀನಿ.”

“ಹಸಿವಾದಾಗ?”

ಹುಡುಗಿ ಯೋಚನೆ ಮಾಡಿದಳು. “ಹಸಿವಾಗಲ್ಲ ಮಿಸ್. ಅಮ್ಮ ಆರು ಗಂಟೆಗೆ ಬರ್ತಾರೆ ಕೆಲಸದಿಂದ. ಅಲ್ಲಿವರೆಗೂ ಸುಮ್ನೆ ಕೂತ್ರೆ ಚೆನ್ನಾಗಿರಲ್ಲ ಅಲ್ವಾ, ಅಂಗಡಿ ಅವರದ್ದು. ಅದಕ್ಕೇ ನಾಲ್ಕೂವರೆಗೆ ಒಂದು ತಗೋತೀನಿ, ಐದೂವರೆಗೆ ಒಂದು.”

“ನಾನು ಮೂರು ತಗೋತೀನಿ” ಎಂದಿತು ಪಕ್ಕದಲ್ಲಿದ್ದ ಇನ್ನೊಂದು ಮಗು, ಒಳ್ಳೆಯ ನಡತೆ ತೋರಿಸುವ ಧ್ವನಿಯಲ್ಲಿ. “ನಮ್ಮಪ್ಪ ಬರೋದು ಆರೂವರೆಗೆ.”

ಅತ್ತಿಗೆಯ ಕಟ್ಟಿದ ಕೈ ಸಡಿಲವಾಯಿತು. ಮೂವತ್ತೈದು ವರ್ಷದಿಂದ ಅವಳು ಮಕ್ಕಳ ಕಣ್ಣು ನೋಡಿಯೇ ಯಾರಿಗೆ ಹಸಿವಾಗಿದೆ ಎಂದು ಹೇಳಬಲ್ಲೆ ಎಂದುಕೊಂಡಿದ್ದಳು. ಹಸಿದ ಮಗು ಬಾಯಿಬಿಟ್ಟು ಕೇಳಲು ನಾಚುತ್ತದೆ ಎಂದು ತಾನಾಗಿಯೇ ಮೇಲೊಂದು ಬಿಸ್ಕತ್ತನ್ನೂ ಇಡುತ್ತಿದ್ದಳು. ಈ ಮಕ್ಕಳು ತಿನ್ನುತ್ತಿದ್ದದ್ದು ಅವಳಿಗೆ ಬೇಜಾರಾಗಬಾರದು ಎಂದು.

“ಅಯ್ಯೋ, ನನ್ನ ಬೆಂಚಿಗೆ ಯಾರೇ ಬಾಡಿಗೆ ಕೇಳಿದ್ರು ನಿಮ್ಮನ್ನ?” ಎಂದಳು. ಗೆದ್ದ ಖುಷಿ ಮುಖದಿಂದ ಇಳಿದುಹೋಗಿತ್ತು. ಹೆಡ್ ಮಿಸ್ ಕಡೆ ತಿರುಗಿದಳು. “ಯಾಕೆ, ಶಾಲೆಗೆ ಮೈದಾನ ಇಲ್ವಾ? ಮುಂಚೆಯೆಲ್ಲ ಸಂಜೆ ತನಕ ಅಲ್ಲೇ ಕಿರುಚಾಡೋರು.”

ಹೆಡ್ ಮಿಸ್ ಉಪನಿರ್ದೇಶಕಿಯ ಮುಖ ನೋಡಿದರು, ಆಮೇಲೆ ಗೋಡೆ ನೋಡಿದರು.

“ಮೈದಾನಕ್ಕೆ ಬೀಗ ಹಾಕಿದೆ.”

“ಯಾರು ಹಾಕಿದ್ದು?”

“ನಾನೇ. ಮೇಲಿಂದ ಆದೇಶ. ಒಳಗೆ ನೀತಿಯ ಸಾಮಾನು ಇದೆ. ಊರಿನ ಎಲ್ಲಾ ಶಾಲೆಗೂ ಹಂಚೋಕೆ ಬಂದಿರೋ ತೂಕದ ಯಂತ್ರ ಇನ್ನೂರ ನಲವತ್ತು. ಅದರ ಜೊತೆ ಬೋರ್ಡುಗಳು. ಹಂಚೋವರೆಗೂ ಭದ್ರವಾಗಿ ಇಡಿ ಅಂದ್ರು, ಆರು ತಿಂಗಳಾಯ್ತು. ಕೊಠಡಿ ತುಂಬಿತು, ಮಿಕ್ಕಿದ್ದನ್ನ ಮೈದಾನದಲ್ಲಿ ಟಾರ್ಪಾಲ್ ಹೊದಿಸಿ ಇಟ್ಟಿದೀವಿ. ಮಕ್ಕಳನ್ನ ಬಿಟ್ರೆ ಒಡೆದು ಹಾಕ್ತಾರಲ್ಲ.”

“ಏನು ಬೋರ್ಡು?” ಎಂದ ಇನ್‌ಸ್ಪೆಕ್ಟರ್.

ಹೆಡ್ ಮಿಸ್ ಧ್ವನಿ ತಗ್ಗಿಸಿದರು. “‘ಆಡಿ, ಓಡಿ, ಆರೋಗ್ಯವಾಗಿರಿ’ ಅಂತ.”

ಒಳಗೆ ಅಣ್ಣ ಓವನ್ನಿನ ಬಾಗಿಲು ಮುಚ್ಚಿದ. ಆ ಆದೇಶಕ್ಕೆ ಸಹಿ ಹಾಕಿದ್ದು ಉಪನಿರ್ದೇಶಕಿಯೇ. ಅವರ ಕಿವಿ ಕೆಂಪಾಗಿತ್ತು.

“ನಾನು ಮೂರು ಸಲ ಸಾಗಾಟದ ವಿಭಾಗಕ್ಕೆ ಬರೆದಿದೀನಿ” ಎಂದರು. “ಗೋದಾಮು ಖಾಲಿ ಇಲ್ಲ ಅಂತಾರೆ. ಬಾಯಿ ಮಾತಲ್ಲಿ ತೆಗೆಸೋಕೆ ಬರಲ್ಲ. ನಾಳೆ ಒಂದು ಯಂತ್ರ ಕಮ್ಮಿಯಾದ್ರೆ ನಾನೇ ಉತ್ತರ ಹೇಳ್ಬೇಕು.”

ಅತ್ತಿಗೆ ಈಗ ನೋಡಿದ್ದು ಮೈದುನನ ಕಡೆ. ಹನ್ನೊಂದನೇ ವಯಸ್ಸಿನಲ್ಲಿ ಅವನು ಲೆಕ್ಕದಲ್ಲಿ ತಪ್ಪು ಮಾಡಿದಾಗ, ತಾನು ಹೇಳಿಕೊಡದೆ, ಅವನೇ ಸರಿಮಾಡಲಿ ಎಂದು ಕಾಯುತ್ತಾ ನೋಡುತ್ತಿದ್ದ ನೋಟ ಅದು.

ಇನ್‌ಸ್ಪೆಕ್ಟರ್ ಆ ನೋಟವನ್ನು ತಾಳಲಾರದೆ ನೀತಿಯ ಪುಸ್ತಕವನ್ನು ಕೈಗೆತ್ತಿಕೊಂಡ. ಆದೇಶವಿಲ್ಲದೆ ಅವನು ಸರ್ವಿಸಿನಲ್ಲಿ ಒಂದು ಗುಂಡುಸೂಜಿಯನ್ನೂ ಕದಲಿಸಿದವನಲ್ಲ. ಬೆಣ್ಣೆ ಹತ್ತಿದ ಪುಟಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದ. ಒಂಬತ್ತನೇ ಕಲಮಿನಲ್ಲಿ ಬೆರಳು ನಿಂತಿತು. ‘ಮಕ್ಕಳ ದೈಹಿಕ ಚಟುವಟಿಕೆಗೆ ಅಡ್ಡಿಯಾಗುವ ಯಾವುದೇ ವಸ್ತುವನ್ನು ಏಳು ದಿನಗಳೊಳಗೆ ತೆರವುಗೊಳಿಸುವಂತೆ ಇನ್‌ಸ್ಪೆಕ್ಟರನು ನೋಟಿಸು ನೀಡಬಹುದು, ಆ ವಸ್ತುವು ಯಾರಿಗೆ ಸೇರಿದ್ದರೂ ಸರಿಯೇ.’

ಎರಡು ಸಲ ಓದಿದ. ಜೇಬಿನಿಂದ ನೋಟಿಸ್ ಪುಸ್ತಕ ತೆಗೆದ, ಗಾಜಿನ ಕಪಾಟಿನ ಮೇಲಿಟ್ಟ, ಕಾರ್ಬನ್ ಸರಿಯಾಗಿ ಕೂರಿಸಿದ. ದುಂಡಗಿನ ಅಕ್ಷರದಲ್ಲಿ ಬರೆದ. ಹಾಳೆ ಹರಿದು ಉಪನಿರ್ದೇಶಕಿಯ ಮುಂದೆ ಹಿಡಿದ.

ಅವರು ಓದಿದರು. “ಇದು ನನಗಾ?”

“ಹೌದು ಮೇಡಂ. ಮೂಲ ಪ್ರತಿ ತಮಗೆ, ನಕಲು ನನಗೆ. ಮುಟ್ಟಿದ್ದಕ್ಕೆ ಇಲ್ಲೊಂದು ಸಹಿ.”

ಅವನ ಬೆನ್ನಿನಲ್ಲಿ ಬೆವರು ಮತ್ತೆ ಇಳಿಯಿತು, ಈ ಸಲ ತಣ್ಣಗೆ. ಉಪನಿರ್ದೇಶಕಿ ಮತ್ತೊಮ್ಮೆ ಓದಿ, ನೋಟಿಸನ್ನು ಫೈಲಿನೊಳಗೆ ಜೋಪಾನವಾಗಿ ಇಟ್ಟುಕೊಂಡು, ಸಹಿ ಹಾಕಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹಲ್ಲುನೋವಿಗೆ ಕೊನೆಗೂ ಡಾಕ್ಟರ ಚೀಟಿ ಸಿಕ್ಕಿದವರ ಹಾಗೆ ಕಂಡರು.

“ಆರು ತಿಂಗಳಿಂದ ಯಾರಾದ್ರೂ ಹೀಗೆ ಬರವಣಿಗೆಯಲ್ಲಿ ಕೊಡ್ತಾರಾ ಅಂತ ಕಾಯ್ತಿದ್ದೆ” ಎಂದರು. “ಇನ್ನು ತೆಗೆಸ್ಲೇಬೇಕು, ಕಾನೂನು. ಆದ್ರೆ ಎಲ್ಲಿಗೆ?”

“ನಮ್ಮ ಹಿಟ್ಟಿನ ಕೋಣೆ ಅರ್ಧ ಖಾಲಿ ಇದೆ” ಎಂದ ಅಣ್ಣ, ಒಳಗಿನಿಂದ. ಎಲ್ಲರೂ ತಿರುಗಿ ನೋಡಿದರು. ಅವನು ಆಗಲೇ ಮುಂದಿನ ಟ್ರೇ ಕಡೆ ಹೋಗಿದ್ದ.

ಏಳು ದಿನ ಎಂದಿದ್ದದ್ದು ಐದು ದಿನಕ್ಕೇ ಮುಗಿಯಿತು. ಇನ್ನೂರ ನಲವತ್ತು ತೂಕದ ಯಂತ್ರಗಳು ರಸ್ತೆಯ ಮೇಲೆ ಕೈಗಾಡಿಯಲ್ಲಿ ಮೆರವಣಿಗೆ ಹೊರಟು ಬೇಕರಿಯ ಹಿಟ್ಟಿನ ಕೋಣೆ ಸೇರಿದವು. ಬೋರ್ಡುಗಳನ್ನು ಹೆಡ್ ಮಿಸ್ ಕಾಂಪೌಂಡಿನ ಗೋಡೆಗೆ ಒರಗಿಸಿ ನಿಲ್ಲಿಸಿದರು.

ಬೀಗ ತೆಗೆದ ಮೊದಲ ಸಂಜೆ ಮಕ್ಕಳಿಗೆ ಏನು ಮಾಡುವುದೆಂದೇ ತೋಚಲಿಲ್ಲ. ಮೈದಾನದ ಅಂಚಿನಲ್ಲಿ ಸಾಲಾಗಿ ಕೂತು ಚೀಲ ಬಿಚ್ಚಿದರು. ಇನ್‌ಸ್ಪೆಕ್ಟರ್ ಗಾಬರಿಯಾದ; ಆಟ ಶುರುಮಾಡಿಸುವ ಬಗ್ಗೆ ಯಾವ ಕಲಮೂ ಇರಲಿಲ್ಲ. ಅತ್ತಿಗೆ ಕಪಾಟಿಗೆ ಬಟ್ಟೆ ಹೊದಿಸಿ, ಅಂಗಡಿಯನ್ನು ಗಂಡನಿಗೆ ಬಿಟ್ಟು, ನೋಡೋಣವೆಂದು ಬಂದವಳು ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಮೈದುನನ ತಲೆಯ ಮೇಲಿನ ಸರ್ಕಾರಿ ಟೋಪಿಯನ್ನು ತೆಗೆದು ಎರಡು ಜಡೆಯ ಹುಡುಗಿಯ ಕೈಗೆ ಕೊಟ್ಟಳು.

“ಇವನ ಕೈಗೆ ಸಿಗಬಾರದು ನೋಡು.”

“ಅತ್ತಿಗೆ, ಅದು ಇಲಾಖೆದು.”

“ಹಂಗಾದ್ರೆ ಹೋಗಿ ಇಸ್ಕೊ.”

ಹುಡುಗಿ ಓಡಿದಳು. ಅವನು ಹಿಂದೆ ಓಡಿದ. ಅವನು ಹತ್ತಿರ ಬಂದಾಗ ಅವಳು ಟೋಪಿಯನ್ನು ಇನ್ನೊಂದು ಮಗುವಿಗೆ ಎಸೆದಳು. ಅದು ಮತ್ತೊಂದಕ್ಕೆ ಎಸೆಯಿತು. ಐದು ನಿಮಿಷದಲ್ಲಿ ಕೂತಿದ್ದ ಮಗು ಒಂದೂ ಇರಲಿಲ್ಲ. ಹದಿನೈದನೆಯ ನಿಮಿಷಕ್ಕೆ ಇನ್‌ಸ್ಪೆಕ್ಟರ್ ನೆಲದ ಮೇಲೆ ಅಂಗಾತ ಮಲಗಿದ. ಆಟ ಅವನನ್ನು ಸುತ್ತು ಹಾಕಿಕೊಂಡು ಮುಂದುವರಿಯಿತು.

ಆರು ಗಂಟೆಗೆ ಇಪ್ಪತ್ತು ಮಂದಿ ಮಕ್ಕಳು ಬೇಕರಿಗೆ ನುಗ್ಗಿದರು. ಮೊದಲು ಕೇಳಿದ್ದು ನೀರು. ಎರಡು ಕೊಡ ನೀರು ಖಾಲಿಯಾಯಿತು. ಆಮೇಲೆ ಕೇಳಿದ್ದು ಬ್ರೆಡ್ಡು, ಬರೀ ಬ್ರೆಡ್ಡು, ಏನಿದ್ದರೂ ಸರಿ. ಎರಡು ಜಡೆಯ ಹುಡುಗಿ ಒಣ ಬ್ರೆಡ್ಡಿನ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುವುದನ್ನು ಅತ್ತಿಗೆ ನೋಡುತ್ತಾ ನಿಂತಳು. ಇದು ಹಸಿವು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮರುದಿನದಿಂದ ಶಾಲೆ ಬಿಡುವ ಹೊತ್ತಿಗೆ ಕ್ರೀಮಿನ ತಿಂಡಿಗಳನ್ನು ತಾನಾಗಿಯೇ ಒಳಗಿಡತೊಡಗಿದಳು. ಕೇಕು ಬೇಕಾದವರು ದೊಡ್ಡವರನ್ನು ಕರಕೊಂಡು ಬರಬೇಕು ಎಂದು ಅವಳದೇ ಒಂದು ಕಲಂ ಆಯಿತು.

ನಾಲ್ಕು ತಿಂಗಳ ಮೇಲೆ ಸರ್ಕಾರ ‘ಮಗುವು ನಡೆದು ಹೋಗುವ ದಾರಿ’ ಎಂಬುದನ್ನು ‘ಅತ್ಯಂತ ಹತ್ತಿರದ ದಾರಿ’ ಎಂದು ತಿದ್ದುಪಡಿ ಮಾಡಿತು. ಇನ್‌ಸ್ಪೆಕ್ಟರ್ ಆ ಹಾಳೆಯನ್ನು ಈ ಸಲ ಅಣ್ಣನ ಮೂಲಕ ಕಳಿಸದೆ ಅತ್ತಿಗೆಯ ಕೈಗೇ ಕೊಟ್ಟ. ಅವಳು ಓದಿ, “ನೂರಕ್ಕೆ ಕಮ್ಮಿ ಇರೋದು ಮೂರು ಮೀಟರು ಅರವತ್ತು ಸೆಂಟಿ ತಾನೇ?” ಎಂದಳು. ಗಾರೆಯವನನ್ನು ಕರೆಸಿ, ಬಾಗಿಲನ್ನು ಪಕ್ಕದ ಓಣಿಗೆ ತಿರುಗಿಸಿದರು. ಅಳೆದಾಗ ನೂರ ನಾಲ್ಕು ಮೀಟರ್ ಆಯಿತು. ಹಳೆಯ ಗಿರಾಕಿಗಳು ಒಂದು ವಾರ ಗೋಡೆಯ ಮುಂದೆ ಬಂದು ನಿಂತು, ಯೋಚಿಸಿ, ಓಣಿಗೆ ತಿರುಗುತ್ತಿದ್ದರು.

ವರ್ಷದ ಕೊನೆಗೆ ಮಕ್ಕಳನ್ನು ತೂಗಿದರು. ಆ ಶಾಲೆಯ ಸರಾಸರಿ ತೂಕ ಕಾಲು ಕಿಲೋ ಕೂಡ ಇಳಿದಿರಲಿಲ್ಲ, ಬದಲಿಗೆ ಎರಡು ಕಿಲೋ ಏರಿತ್ತು. ಇದಕ್ಕೆ ವಿವರಣೆ ನೀಡಿ ಎಂದು ಮೇಲಿನ ಕಚೇರಿಯಿಂದ ಕಾಗದ ಬಂತು. ಇನ್‌ಸ್ಪೆಕ್ಟರ್ ಎರಡು ದಿನ ತಲೆ ಕೆರೆದುಕೊಂಡು, ಶಾಲೆಗೆ ಹೋಗಿ, ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, ಹೋದ ವರ್ಷದ ಶಾಲಾ ರಿಜಿಸ್ಟರಿನ ಜೊತೆ ತಾಳೆ ನೋಡಿದ. ಎರಡು ಮಹಡಿ ಹತ್ತಿಸಿ ಇಳಿಸಿದ. ಏದುಸಿರು ಬಿಟ್ಟವನು ಅವನೊಬ್ಬನೇ. ವಾಪಸ್ ಬಂದು ಒಂದೇ ಸಾಲಿನ ಉತ್ತರ ಬರೆದ: ‘ಮಕ್ಕಳು ಐದೈದು ಸೆಂಟಿಮೀಟರ್ ಎತ್ತರ ಬೆಳೆದಿರುತ್ತಾರೆ, ಮುಂದೆಯೂ ಬೆಳೆಯುವ ಸಾಧ್ಯತೆ ಇರುತ್ತದೆ, ತಡೆಯಲು ಯಾವ ಕಲಮಿನಲ್ಲೂ ಅವಕಾಶವಿರುವುದಿಲ್ಲ.’

ಉಪನಿರ್ದೇಶಕಿ ಅದರ ಕೆಳಗೆ ‘ಸರಿ ಇದೆ’ ಎಂದು ಬರೆದು ಕಳಿಸಿದರು. ಮೇಲಿನಿಂದ ಮತ್ತೆ ಪ್ರಶ್ನೆ ಬರಲಿಲ್ಲ.